ಊರಿನ ಸ್ವಯಂಸೇವಕರೂ ನಮ್ಮ ಸನ್ಮಾನಗಳೂ

ನಮ್ಮ ಜಿಲ್ಲಾ ಸ್ಥಳಗಳಲ್ಲಿಯೂ ತಾಲ್ಲೂಕು ಪಟ್ಟಣಗಳಲ್ಲಿಯೂ ಜರುಗುವ ಯಾವುದಾದರೊಂದು ಸಮಾರಂಭದ ಕೊನೆಯ ಅರ್ಧ ಗಂಟೆಯನ್ನು ವಾಚಕರು ಒಮ್ಮೆ ನೆನಪಿಗೆ ತಂದುಕೊಳ್ಳಬೇಕು. ಅಧ್ಯಕ್ಷರ ಭಾಷಣ ಮುಗಿದಿರುತ್ತದೆ. ಅತಿಥಿಗಳ ವಾಹನಗಳು ಹೊರಡುವ ಸಿದ್ಧತೆಯಲ್ಲಿರುತ್ತವೆ. ಸಭಿಕರಲ್ಲಿ ಅರ್ಧದಷ್ಟು ಜನ ಎದ್ದು ಪಾದರಕ್ಷೆಗಳನ್ನು ಹುಡುಕುತ್ತಿರುತ್ತಾರೆ. ಆ ಹೊತ್ತಿಗೆ ಒಬ್ಬರು ಧ್ವನಿವರ್ಧಕದ ಮುಂದೆ ನಿಂತು, ಸಮಯಾಭಾವಕ್ಕಾಗಿ ಕ್ಷಮೆ ಕೋರಿ, ‘ಪ್ರತ್ಯಕ್ಷವಾಗಿಯೂ ಪರೋಕ್ಷವಾಗಿಯೂ ಸಹಕರಿಸಿದ ಸರ್ವರಿಗೂ’ ವಂದನೆಗಳನ್ನು ಅರ್ಪಿಸುತ್ತಾರೆ. ಮೂರು ಹಗಲು ಮೂರು ರಾತ್ರಿ ಒಲೆಯ ಮುಂದೆ ನಿಂತವರು, ನೀರಿನ ಕೊಡ ಹೊತ್ತವರು, ಹಂದರ ಕಟ್ಟಿದವರು, ಬಂದವರಿಗೆ ದಾರಿ ತೋರಿಸಿ ಗಂಟಲು ಕಟ್ಟಿಸಿಕೊಂಡವರು, ಎಲ್ಲರೂ ಆ ‘ಸರ್ವರಿಗೂ’ ಎಂಬ ಒಂದೇ ಪದದೊಳಗೆ ಅಡಗಿಹೋಗುತ್ತಾರೆ. ಶಾಲು, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ ಇವೆಲ್ಲ ಅದಕ್ಕೂ ಎರಡು ಗಂಟೆ ಮೊದಲೇ ವೇದಿಕೆಯ ಮೇಲಿನವರಿಗೆ ಸಂದುಹೋಗಿರುತ್ತವೆ.

ಇದನ್ನು ಆಕ್ಷೇಪಿಸಿದಾಗಲೆಲ್ಲ ಒಂದು ಉತ್ತರ ಸಿದ್ಧವಾಗಿರುತ್ತದೆ. ಸೇವೆಯೆಂಬುದು ನಿಷ್ಕಾಮವಾಗಿರಬೇಕು, ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು, ಸೇವಕನಿಗೆ ಸನ್ಮಾನದ ಹಂಬಲವೇಕೆ ಎಂಬುದೇ ಆ ಉತ್ತರ. ಮಾತು ದೊಡ್ಡದು, ನಿಜವೂ ಹೌದು. ಆದರೆ ಈ ಮಾತನ್ನು ನಾನು ಬಹುಮಟ್ಟಿಗೆ ಕೊರಳಲ್ಲಿ ಹಾರವಿದ್ದವರ ಬಾಯಿಂದಲೇ ಕೇಳಿದ್ದೇನೆ. ನಿಷ್ಕಾಮವಾಗಿರುವುದು ಸೇವೆ ಮಾಡಿದವನ ಧರ್ಮ. ಅದನ್ನು ನೆನೆಯುವುದು ಸೇವೆಯನ್ನು ಪಡೆದ ಊರಿನ ಧರ್ಮ. ಮೊದಲನೆಯದನ್ನು ತೋರಿಸಿ ಎರಡನೆಯದರಿಂದ ತಪ್ಪಿಸಿಕೊಳ್ಳಲು ಬರುವುದಿಲ್ಲ.

ನಮ್ಮ ಭಾಗದಲ್ಲಿ ಸ್ವಯಂಸೇವೆಯ ಮಾತು ಬಂದಾಗ 1924ರ ಬೆಳಗಾವಿಯನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಆ ವರ್ಷದ ಡಿಸೆಂಬರ್ 26 ಮತ್ತು 27ರಂದು ಟಿಳಕವಾಡಿಯ ಬಯಲಿನಲ್ಲಿ, ವಿಜಯನಗರವೆಂದು ಹೆಸರಿಟ್ಟ ಬಿಡಾರದಲ್ಲಿ, ಕಾಂಗ್ರೆಸ್ಸಿನ ಅಧಿವೇಶನ ನೆರೆಯಿತು. ಗಾಂಧೀಜಿಯವರು ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನವದು. ಗಂಗಾಧರರಾವ ದೇಶಪಾಂಡೆಯವರು ವ್ಯವಸ್ಥೆಯ ಭಾರ ಹೊತ್ತಿದ್ದರು. ಹಿಂದಿನ ವರ್ಷವಷ್ಟೇ ಹಿಂದುಸ್ತಾನಿ ಸೇವಾದಳವನ್ನು ಹುಟ್ಟುಹಾಕಿದ್ದ ಡಾ. ನಾ. ಸು. ಹರ್ಡೀಕರರು ಸ್ವಯಂಸೇವಕರನ್ನು ಅಣಿಗೊಳಿಸಿದ್ದರು. ನೀರಿಗಾಗಿ ತೋಡಿಸಿದ ಬಾವಿಗೆ ಪಂಪಾ ಸರೋವರವೆಂದು ಹೆಸರಾಯಿತು. ಕಾಂಗ್ರೆಸ್ ಬಾವಿಯೆಂದು ಜನ ಕರೆಯುವ ಆ ಬಾವಿ ಇಂದಿಗೂ ಅಲ್ಲಿದೆ. ಇವೆಲ್ಲ ಪಠ್ಯಪುಸ್ತಕದ ಸಂಗತಿಗಳು. ಅಷ್ಟಾಗಿ ಹೇಳದಿರುವ ಸಂಗತಿಯೆಂದರೆ, ಆ ಬಿಡಾರದ ಶೌಚದ ಕೆಲಸವನ್ನು ಸ್ವಯಂಸೇವಕರೇ ವಹಿಸಿಕೊಂಡಿದ್ದರು. ಅವರಲ್ಲಿ ಅನೇಕರು ಬ್ರಾಹ್ಮಣರಾಗಿದ್ದರೆಂಬುದನ್ನು ಗಾಂಧೀಜಿ ವಿಶೇಷವಾಗಿ ಮೆಚ್ಚಿಕೊಂಡರು.

ಅದೇ ಅಧಿವೇಶನದಲ್ಲಿ ಸ್ವಾಗತಗೀತೆ ಹಾಡಿದ ಬಾಲಕಿಯರಲ್ಲಿ ಮುಂದೆ ಲೋಕವಿಖ್ಯಾತರಾದ ಗಂಗೂಬಾಯಿ ಹಾನಗಲ್ಲರೂ ಇದ್ದರು. ಆಗ ಅವರಿಗೆ ಹನ್ನೊಂದರ ವಯಸ್ಸು. ಇಳಿವಯಸ್ಸಿನಲ್ಲಿ ಆ ದಿನವನ್ನು ನೆನೆಯುವಾಗ ಅವರು ಹೇಳಿಕೊಂಡದ್ದು ಗಾಂಧೀಜಿಯ ಮುಂದೆ ಹಾಡಿದ ಹಿಗ್ಗನ್ನು ಮಾತ್ರವಲ್ಲ. ಕೆಳಜಾತಿಯವಳೆಂದು ತನ್ನನ್ನು ಊಟವಾದ ಮೇಲೆ ಎಂಜಲು ಎತ್ತಲು ಹೇಳಿಯಾರೇ ಎಂಬ ಅಳುಕು ಆ ಎಳೆಯ ಮನಸ್ಸಿನಲ್ಲಿ ಇತ್ತೆಂಬುದನ್ನೂ ಅವರು ಮುಚ್ಚಿಡಲಿಲ್ಲ. ಒಂದೇ ಬಯಲಿನಲ್ಲಿ ಮೇಲ್ಜಾತಿಯ ತರುಣರು ಶೌಚದ ಕೆಲಸವನ್ನು ತಾವಾಗಿ ಕೈಗೆತ್ತಿಕೊಂಡಿದ್ದರು. ಹಾಡಲು ಬಂದ ಬಾಲಕಿ ಎಲೆ ಎತ್ತಬೇಕಾದೀತೆಂದು ಅಂಜಿದ್ದಳು. ತಾನಾಗಿ ಮಾಡುವ ಕೆಲಸಕ್ಕೂ ಹುಟ್ಟಿನ ಕಾರಣದಿಂದ ಮಾಡಿಸುವ ಕೆಲಸಕ್ಕೂ ಇರುವ ಅಂತರವನ್ನು ಇದಕ್ಕಿಂತ ಸ್ಪಷ್ಟವಾಗಿ ತಿಳಿಸುವ ನಿದರ್ಶನ ನನಗೆ ಗೊತ್ತಿಲ್ಲ. ಎರಡನೆಯದನ್ನು ಸೇವೆಯೆಂದು ಹೊಗಳುವುದು ಗೌರವವಲ್ಲ, ವಂಚನೆ.

ಈ ಅಂತರವನ್ನು ನಾವು ಈಗಲೂ ಸರಿಯಾಗಿ ಕಾಣುತ್ತಿಲ್ಲವೆಂಬುದೇ ನನ್ನ ಕೊರಗು. ಜಾತ್ರೆಯ ಮರುದಿನ ಬೀದಿ ಗುಡಿಸುವ ಪೌರಕಾರ್ಮಿಕರನ್ನು ವೇದಿಕೆಗೆ ಕರೆದು ಶಾಲು ಹೊದಿಸುವ ಪದ್ಧತಿ ಇತ್ತೀಚೆಗೆ ಬೆಳೆದಿದೆ. ಒಳ್ಳೆಯದೇ. ಆದರೆ ಅವರು ಸ್ವಯಂಸೇವಕರಲ್ಲ, ಕೂಲಿಗೆ ದುಡಿಯುವವರು. ಹೆಚ್ಚಿನ ದುಡಿಮೆಗೆ ಹೆಚ್ಚಿನ ಕೂಲಿ, ಕೈಗವಸು, ಹೊತ್ತಿಗೆ ಸರಿಯಾದ ಊಟ, ಇವು ಅವರಿಗೆ ಸಲ್ಲಬೇಕಾದ ಮೊದಲ ಗೌರವ. ಅವನ್ನು ಕೊಡದೆ ಶಾಲು ಹೊದಿಸಿದರೆ ಕೊಡಬೇಕಾದ ಸಾಲವನ್ನು ಉಡುಗೊರೆಯಿಂದ ತೀರಿಸಿದಂತಾಯಿತು. ಅಂತೆಯೇ ಶಾಲೆಯ ಮಕ್ಕಳ ವಿಷಯ. ಅತಿಥಿಗಳು ಬರುವವರೆಗೆ ಮಕ್ಕಳನ್ನು ಬಿಸಿಲಿನಲ್ಲಿ ಸಾಲುಗಟ್ಟಿ ನಿಲ್ಲಿಸಿ, ವರದಿಯಲ್ಲಿ ಅವರನ್ನು ‘ನಮ್ಮ ಪುಟ್ಟ ಸ್ವಯಂಸೇವಕರು’ ಎಂದು ಬರೆದದ್ದನ್ನು ನಾನು ಕಂಡಿದ್ದೇನೆ. ಆ ಮಕ್ಕಳಲ್ಲಿ ‘ಬರುತ್ತೀಯಾ?’ ಎಂದು ಕೇಳಿದವರು ಒಬ್ಬರೂ ಇರಲಿಲ್ಲ. ಶಾಲೆಯ ಸಂಚಿಕೆಯಲ್ಲಿ ಈ ಮಾತನ್ನು ಬರೆಯುವುದು ಕೆಲವರಿಗೆ ಹಿತವೆನಿಸಲಾರದು. ಆದರೆ ಇಲ್ಲಿಯಲ್ಲದೆ ಮತ್ತೆಲ್ಲಿ ಬರೆಯಬೇಕು?

ನಿಜವಾದ ಸ್ವಯಂಸೇವೆ ನಮ್ಮಲ್ಲಿ ಬತ್ತಿಲ್ಲ. ಕೊಪ್ಪಳದ ಗವಿಮಠದ ಜಾತ್ರೆಯನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿಯ ಮಹಾದಾಸೋಹಕ್ಕೆ ಸುತ್ತಮುತ್ತಲಿನ ಹಳ್ಳಿಗಳಿಂದ ರೊಟ್ಟಿಗಳು ಬಂಡಿಗಳಲ್ಲಿ, ಟ್ರ್ಯಾಕ್ಟರುಗಳಲ್ಲಿ ಬಂದು ಬೀಳುತ್ತವೆ. ಅವುಗಳ ಎಣಿಕೆ ಲಕ್ಷಗಳಲ್ಲಿ. ಒಂದೊಂದು ರೊಟ್ಟಿಯೂ ಯಾವುದೋ ಮನೆಯಲ್ಲಿ, ಯಾವಳೋ ತಾಯಿ ಹೊಲದ ಕೆಲಸ ಮುಗಿಸಿ ಬಂದು ಬಡಿದದ್ದು. ಆಕೆ ಜಾತ್ರೆಯ ಯಾವ ಸಮಿತಿಯಲ್ಲಿಯೂ ಇಲ್ಲ, ಅನೇಕ ವೇಳೆ ಜಾತ್ರೆಯ ದಿನ ಪಟ್ಟಣಕ್ಕೆ ಬರುವುದೂ ಅವಳಿಂದಾಗುವುದಿಲ್ಲ. 2019ರಲ್ಲಿ ಅದೇ ಮಠದ ಸ್ವಾಮೀಜಿಯವರ ಮುಂದಾಳುತನದಲ್ಲಿ ಜನ ಕೈಗೂಡಿಸಿ, ಹೂಳು ಮತ್ತು ಜಾಲಿಯಿಂದ ಮುಚ್ಚಿಹೋಗಿದ್ದ ಹಿರೇಹಳ್ಳವನ್ನು ಸುಮಾರು 26 ಕಿಲೋಮೀಟರುಗಳಷ್ಟು ಉದ್ದಕ್ಕೆ ಸ್ವಚ್ಛಗೊಳಿಸಿದರು. ಜನ ತಾವಾಗಿ ಬಂದರು. ಕರೆದ ಕಾರ್ಯ ತಮ್ಮದೆಂದು ತೋರಿದ್ದರಿಂದ ಬಂದರು.

ಹಾಗೆ ತೋರದ ಕಡೆ ಏನಾಗುತ್ತಿದೆಯೆಂಬುದನ್ನೂ ನೋಡಬೇಕು. ಊರಿನ ಉತ್ಸವಗಳು ಒಂದೊಂದಾಗಿ ಗುತ್ತಿಗೆಗೆ ಹೋಗುತ್ತಿವೆ. ಹಂದರ ಗುತ್ತಿಗೆ, ಅಡುಗೆ ಗುತ್ತಿಗೆ, ಬಡಿಸುವುದೂ ಗುತ್ತಿಗೆ. ಅತಿಥಿಗಳಿಗೆ ನೀರು ಕೊಡುವ ಹುಡುಗರೂ ಬೇರೆ ಊರಿನಿಂದ ಸಮವಸ್ತ್ರ ತೊಟ್ಟು ಬರುತ್ತಾರೆ. ಕೆಲಸ ಅಚ್ಚುಕಟ್ಟಾಗಿ ಆಗುತ್ತದೆ, ಇಲ್ಲವೆನ್ನಲಾರೆ. ಹಿಂದಿನಂತೆ ಸಾರು ಸಾಲದೆ ನೀರು ಬೆರೆಸುವ ಪ್ರಸಂಗ ಬರುವುದಿಲ್ಲ. ಆದರೆ ಪಂಕ್ತಿಯಲ್ಲಿ ಬಡಿಸುವಾಗ ಓಣಿ ಓಣಿಗಳ ನಡುವೆ ಆಗುತ್ತಿದ್ದ ಪರಿಚಯ, ಒಂದು ಕೇರಿಯ ಹುಡುಗ ಇನ್ನೊಂದು ಕೇರಿಯ ಹಿರಿಯರಿಗೆ ‘ಅಜ್ಜಾರ, ಇನ್ನೊಂದು ರೊಟ್ಟಿ?’ ಎಂದು ಕೇಳುತ್ತಿದ್ದ ಸಲಿಗೆ, ಇವು ಗುತ್ತಿಗೆಯ ಪಟ್ಟಿಯಲ್ಲಿ ಬರುವುದಿಲ್ಲ. ತರುಣರು ಮುಂದೆ ಬರುವುದಿಲ್ಲವೆಂದು ಹಿರಿಯರು ದೂರುತ್ತಾರೆ. ಯೋಜನೆ ಮಾಡುವ ಸಭೆಗೆ ಅವರನ್ನು ಕರೆಯದೆ, ಬೆಂಚು ಹೊರುವ ದಿನ ಮಾತ್ರ ಹೇಳಿಕಳಿಸಿದರೆ ಅವರು ಏಕೆ ಬಂದಾರು?

ಸರಕಾರದ ಕಡೆಯಿಂದ ಗೌರವಗಳಿವೆ. 1969ರಲ್ಲಿ ರಾಷ್ಟ್ರೀಯ ಸೇವಾ ಯೋಜನೆ ಆರಂಭವಾದ ಮೇಲೆ ಕಾಲೇಜಿನ ತರುಣರಿಗೆ ಪ್ರಮಾಣಪತ್ರಗಳು ದೊರೆಯುತ್ತವೆ. ವಿಶ್ವಸಂಸ್ಥೆ 1985ರಲ್ಲಿ ಗೊತ್ತುಮಾಡಿದಂತೆ ಡಿಸೆಂಬರ್ 5ನ್ನು ಸ್ವಯಂಸೇವಕರ ದಿನವೆಂದು ಆಚರಿಸುತ್ತಾರೆ. ಕಿತ್ತಳೆ ಹಣ್ಣು ಮಾರಿ ಕೂಡಿಟ್ಟ ಹಣದಿಂದ ತಮ್ಮೂರಿಗೆ ಶಾಲೆ ತಂದ ಹರೇಕಳ ಹಾಜಬ್ಬನವರಿಗೆ 2020ನೆಯ ಸಾಲಿನ ಪದ್ಮಶ್ರೀ ಸಂದಾಗ ನಾಡೆಲ್ಲ ಸಂತೋಷಪಟ್ಟಿತು. ಆದರೆ ದಿಲ್ಲಿಯ ಕಣ್ಣಿಗೆ ಎಲ್ಲರೂ ಬೀಳುವುದು ಸಾಧ್ಯವೂ ಅಲ್ಲ, ಅಗತ್ಯವೂ ಅಲ್ಲ. ಊರು ತನ್ನವರನ್ನು ತಾನೇ ಗುರುತಿಸಬೇಕು.

ನನ್ನ ಸಲಹೆ ಬಹಳ ಚಿಕ್ಕದು. ವಂದನಾರ್ಪಣೆಯನ್ನು ಸಭೆಯ ಕೊನೆಯಿಂದ ಮೊದಲಿಗೆ, ಸ್ವಾಗತದ ಬೆನ್ನಿಗೇ ತರಬೇಕು. ಅತಿಥಿಗಳು ಆ ಹೆಸರುಗಳನ್ನು ಕುಳಿತು ಕೇಳಲಿ. ಸ್ಮರಣ ಸಂಚಿಕೆಗಳಲ್ಲಿ ದೇಣಿಗೆ ಕೊಟ್ಟವರ ಹೆಸರನ್ನೂ ಮೊತ್ತವನ್ನೂ ಅಚ್ಚು ಹಾಕುತ್ತೇವೆ. ಅದರ ಎದುರಿನ ಪುಟದಲ್ಲಿ ದುಡಿದವರ ಹೆಸರನ್ನೂ, ಅವರು ಮಾಡಿದ ಕೆಲಸವನ್ನೂ ಅಷ್ಟೇ ದಪ್ಪ ಅಕ್ಷರಗಳಲ್ಲಿ ಹಾಕಬೇಕು: ರೊಟ್ಟಿ ಬಡಿದವರು, ನೀರು ತುಂಬಿದವರು, ಎಲೆ ಎತ್ತಿದವರು ಎಂದು ಕೆಲಸವನ್ನು ಹೆಸರಿಸಿಯೇ. ಅಷ್ಟು ಹೆಸರುಗಳನ್ನು ಯಾರು ಬರೆದಿಡಬೇಕೆಂದು ಕೇಳುವವರಿದ್ದಾರೆ. ಅಡುಗೆಮನೆಯ ಬಾಗಿಲಲ್ಲಿ ನೂರು ಪುಟದ ಒಂದು ನೋಟುಪುಸ್ತಕ ಇಟ್ಟರೆ ಸಾಕು. ಏಳನೆಯ ಇಯತ್ತೆಯಲ್ಲಿ ಅಕ್ಷರ ದುಂಡಾಗಿರುವ ಹುಡುಗಿಯೊಬ್ಬಳು, ಅವಳಿಗೆ ಮನಸ್ಸಿದ್ದರೆ, ಬರೆದುಕೊಳ್ಳುತ್ತಾಳೆ. ಆ ಪಟ್ಟಿಯಲ್ಲಿ ಅವಳ ಹೆಸರೂ ಇರಲಿ.