ಸಣ್ಣ ತಪ್ಪು, ದೊಡ್ಡ ಸುಳ್ಳು: ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಮತ್ತು ಕಲ್ಲಾಂಗ್‌ನ ಪಾಲಕರು

ಕಲ್ಲಾಂಗ್ ಮತ್ತೆ ಸುದ್ದಿಯಲ್ಲಿದೆ. 1973ರಲ್ಲಿ ಹಳೆಯ ರಾಷ್ಟ್ರೀಯ ಕ್ರೀಡಾಂಗಣ ತೆರೆದ ಜಾಗ, 2014ರಲ್ಲಿ ಸ್ಪೋರ್ಟ್ಸ್ ಹಬ್ ತಲೆಯೆತ್ತಿದ ಜಾಗ. 2024ರ ಆಗಸ್ಟ್‌ನ ನ್ಯಾಷನಲ್ ಡೇ ರ‍್ಯಾಲಿಯಲ್ಲಿ ಪ್ರಧಾನಿ ಲಾರೆನ್ಸ್ ವಾಂಗ್ ಅವರು ಇಲ್ಲಿ ಹೊಸ ಒಳಾಂಗಣ ಕ್ರೀಡಾಂಗಣ ಕಟ್ಟುವುದಾಗಿಯೂ, 2004ರಿಂದ ವುಡ್‌ಲ್ಯಾಂಡ್ಸ್‌ನಲ್ಲಿರುವ ಸಿಂಗಪುರ ಸ್ಪೋರ್ಟ್ಸ್ ಸ್ಕೂಲನ್ನು ಇಲ್ಲಿಗೇ ತರುವುದಾಗಿಯೂ ಪ್ರಕಟಿಸಿದರು. ಅಂದರೆ ಮುಂದೆ ಆಟ, ಪಾಠ, ಮತ್ತು ಆಡುವ ಮಕ್ಕಳನ್ನು ಹುಡುಕಿಕೊಂಡು ಬರುವ ಕೋಚ್‌ಗಳು, ಎಲ್ಲರೂ ಒಂದೇ ಆವರಣದಲ್ಲಿ!

ನಮ್ಮ ಕನ್ನಡ ಕುಟುಂಬಗಳ ಮಕ್ಕಳೂ ಈಗ ಬರೀ ಟ್ಯೂಷನ್‌ಗೆ ಸೀಮಿತರಾಗಿಲ್ಲ. ಬ್ಯಾಸ್ಕೆಟ್‌ಬಾಲ್ ಆಡುವ ಮಕ್ಕಳ ಮನಸ್ಸಿನಲ್ಲಿ ಅಮೆರಿಕದ ಕಾಲೇಜು ಸ್ಕಾಲರ್‌ಶಿಪ್ಪಿನ ಕನಸು ಇರುವುದು ಸಹಜ. ಅದು ಆಗದ ಮಾತೂ ಅಲ್ಲ. ಬೆಂಗಳೂರಿನ ಸಂಜನಾ ರಮೇಶ್ ಅರಿಜೋನಾದ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯದ ತಂಡಕ್ಕೆ ಆಡಿ ತೋರಿಸಿದ್ದಾರೆ. ಆದರೆ ಆ ದಾರಿಯಲ್ಲಿ ಎಂಥ ನಿಯಮಗಳಿವೆ, ಅವು ಮುರಿದರೆ ಏನಾಗುತ್ತದೆ ಎಂಬುದು ನಮ್ಮಲ್ಲಿ ಬಹಳ ಜನಕ್ಕೆ ತಿಳಿಯದು. ಈ ಲೇಖನ ಅದರ ಬಗ್ಗೆ.

ಅಮೆರಿಕದ ಕಾಲೇಜು ಕ್ರೀಡೆಯನ್ನು ನಿಯಂತ್ರಿಸುವ ಸಂಸ್ಥೆ ಎನ್‌ಸಿಎಎ. ಹೈಸ್ಕೂಲಿನ ಹುಡುಗನನ್ನು ಕೋಚ್ ಯಾವಾಗ ಭೇಟಿಯಾಗಬಹುದು, ಯಾವ ದಿನದಿಂದ ಫೋನ್ ಮಾಡಬಹುದು, ಕ್ಯಾಂಪಸ್ ನೋಡಲು ಬಂದಾಗ ಏನು ತಿನ್ನಿಸಬಹುದು ಎಂಬುದಕ್ಕೆಲ್ಲ ಅಲ್ಲಿ ನಿಯಮ. ತಪ್ಪುಗಳಿಗೂ ದರ್ಜೆಗಳಿವೆ. ಮೊದಲು ‘ದೊಡ್ಡದು’, ‘ಸಣ್ಣದು’ ಎಂಬ ಎರಡೇ ಇದ್ದವು. 2013ರಲ್ಲಿ ಅದನ್ನು ಬದಲಿಸಿ ಹಂತಗಳನ್ನು ತಂದರು. ಈಗ ಒಂದನೆಯ ಹಂತ ಅತಿ ಗಂಭೀರ, ಮೂರನೆಯದು ಚಿಲ್ಲರೆ. ಚಿಲ್ಲರೆ ತಪ್ಪುಗಳನ್ನು ಕಾಲೇಜುಗಳು ತಾವೇ ಬರೆದುಕೊಟ್ಟು ಒಪ್ಪಿಕೊಳ್ಳುತ್ತವೆ. ಒಂದು ಎಚ್ಚರಿಕೆ ಪತ್ರ, ಇಲ್ಲವೇ ಕೆಲವು ದಿನ ಆ ಹುಡುಗನನ್ನು ಸಂಪರ್ಕಿಸಬಾರದೆಂಬ ತಡೆ, ಅಲ್ಲಿಗೆ ಕಡತ ಮುಚ್ಚುತ್ತದೆ.

ನಾವು ಸಾಫ್ಟ್‌ವೇರ್ ಮಂದಿಗೆ ಈ ಪದ್ಧತಿ ಅಪರಿಚಿತವೇನಲ್ಲ. ಬಗ್‌ಗಳಿಗೂ ನಾವು ಒಂದು, ಎರಡು, ಮೂರು ಎಂದು ಸಿವಿಯರಿಟಿ ಹಚ್ಚುತ್ತೇವಲ್ಲ? ಮೂರನೆಯ ದರ್ಜೆಯ ಬಗ್‌ಗೆ ಯಾರೂ ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ. ಲಾಗ್ ಅಳಿಸಿದವನ ಕಥೆ ಬೇರೆ.

ಕೆಲವು ನಿಯಮಗಳು ನಗು ತರಿಸುವಷ್ಟು ಸಣ್ಣವು. ತಂಡದಲ್ಲಿರುವ ಆಟಗಾರರಿಗೆ ಊಟದ ನಡುವಿನ ಹೊತ್ತಿನಲ್ಲಿ ಬೇಗಲ್ ಕೊಡಬಹುದಿತ್ತಂತೆ, ಅದಕ್ಕೆ ಕ್ರೀಮ್ ಚೀಸ್ ಸವರಿದರೆ ಅಪರಾಧ! ಇಡ್ಲಿ ಕೊಡಿ, ಚಟ್ನಿ ಕೊಡಬೇಡಿ ಎಂದ ಹಾಗೆ. ಓಕ್ಲಹೋಮಾ ವಿಶ್ವವಿದ್ಯಾಲಯ 2014ರಲ್ಲಿ ವರದಿ ಮಾಡಿದ ಒಂದು ಪ್ರಕರಣದಲ್ಲಿ, ಪದವಿ ಔತಣದಲ್ಲಿ ಮಿತಿ ಮೀರಿ ಪಾಸ್ತಾ ತಿಂದ ಮೂವರು ವಿದ್ಯಾರ್ಥಿ ಕ್ರೀಡಾಪಟುಗಳು ತಲಾ 3.83 ಡಾಲರ್ ದಾನಕ್ಕೆ ಕೊಟ್ಟು ಪಾಪ ತೊಳೆದುಕೊಂಡರು. ಅದೇ ವರ್ಷದ ಏಪ್ರಿಲ್‌ನಲ್ಲಿ, ಚಾಂಪಿಯನ್ ತಂಡವಾದ ಕನೆಕ್ಟಿಕಟ್‌ನ ಆಟಗಾರ ಶಬಾಜ್ ನೇಪಿಯರ್ ಕೆಲವು ರಾತ್ರಿ ಹಸಿದು ಮಲಗುತ್ತೇನೆ ಎಂದು ಪತ್ರಕರ್ತರ ಮುಂದೆ ಹೇಳಿದ್ದು ದೊಡ್ಡ ಸುದ್ದಿಯಾಯಿತು. ಕೆಲವೇ ದಿನಗಳಲ್ಲಿ ಊಟದ ಮಿತಿಯನ್ನು ತೆಗೆದುಹಾಕಲಾಯಿತು.

ಹಾಗಾದರೆ ಈ ಸಣ್ಣ ನಿಯಮಗಳೆಲ್ಲ ತಮಾಷೆಯೇ? ನಮಗೆ ಹಾಗನ್ನಿಸುವುದಿಲ್ಲ. ಊಟ ಎಣಿಸುವ ನಿಯಮ ಬೇರೆ, ಮಕ್ಕಳ ಬಳಿ ಹೋಗುವ ದೊಡ್ಡವರನ್ನು ಎಣಿಸುವ ನಿಯಮ ಬೇರೆ. ಎರಡನೆಯದಕ್ಕೆ ಇಬ್ಬರು ಕೋಚ್‌ಗಳ ಕಥೆ ಸಾಕು.

ಬ್ರೂಸ್ ಪರ್ಲ್ ಟೆನ್ನೆಸ್ಸೀ ವಿಶ್ವವಿದ್ಯಾಲಯದ ಕೋಚ್ ಆಗಿದ್ದವರು. 2008ರ ಸೆಪ್ಟೆಂಬರ್‌ನಲ್ಲಿ ಕ್ಯಾಂಪಸ್ ನೋಡಲು ಬಂದಿದ್ದ ಹೈಸ್ಕೂಲ್ ಹುಡುಗರನ್ನೂ ಅವರ ಮನೆಯವರನ್ನೂ ತಮ್ಮ ಮನೆಯ ಬಾರ್ಬೆಕ್ಯೂಗೆ ಕರೆದರು. ಆ ವಯಸ್ಸಿನ ಹುಡುಗರನ್ನು ಕ್ಯಾಂಪಸ್ಸಿನ ಹೊರಗೆ ಹೀಗೆ ಸತ್ಕರಿಸುವಂತಿರಲಿಲ್ಲ. ಮನೆಗೆ ಬಂದವರಿಗೆ ಊಟ ಹಾಕುವುದೂ ತಪ್ಪೇ ಎಂದು ನಮ್ಮ ಕಡೆಯವರು ಕೇಳಬಹುದು. ತಪ್ಪು ನಿಜ, ಆದರೆ ಚಿಲ್ಲರೆ ತಪ್ಪು. ಮರುದಿನವೇ ಬರೆದುಕೊಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಪರ್ಲ್ ಮಾಡಿದ್ದೇ ಬೇರೆ. ಇದು ನಿಯಮಕ್ಕೆ ವಿರುದ್ಧ, ಹೊರಗೆ ಹೇಳಬೇಡಿ ಎಂದು ಅತಿಥಿಗಳಿಗೇ ತಿಳಿಸಿದ್ದರು. 2010ರ ಜೂನ್‌ನಲ್ಲಿ ತನಿಖಾಧಿಕಾರಿಗಳು ತಮ್ಮದೇ ಮನೆಯೊಳಗಿನ ಫೋಟೊ ಮುಂದಿಟ್ಟಾಗ, ಇದು ಯಾವ ಜಾಗವೋ ಗೊತ್ತಿಲ್ಲ ಎಂದರು! ಬಂದಿದ್ದ ಹುಡುಗರಲ್ಲಿ ಒಬ್ಬನಾದ ಆರನ್ ಕ್ರಾಫ್ಟ್‌ನ ತಂದೆಗೂ ಆಮೇಲೆ ಫೋನ್ ಮಾಡಿದರು. 2011ರ ಮಾರ್ಚ್‌ನಲ್ಲಿ ಕೆಲಸ ಹೋಯಿತು. ಆಗಸ್ಟ್‌ನಲ್ಲಿ ಎನ್‌ಸಿಎಎ ಮೂರು ವರ್ಷದ ‘ಶೋ-ಕಾಸ್’ ವಿಧಿಸಿತು. ಅಂದರೆ ಆ ಅವಧಿಯಲ್ಲಿ ಯಾವ ಕಾಲೇಜಾದರೂ ಅವರನ್ನು ಸೇರಿಸಿಕೊಂಡರೆ ಅದಕ್ಕೆ ಸಮಜಾಯಿಷಿ ಕೊಡಬೇಕು. ಮಾಂಸ ಸುಟ್ಟಿದ್ದಕ್ಕಲ್ಲ, ಸುಳ್ಳು ಹೇಳಿದ್ದಕ್ಕೆ.

ಇನ್ನೊಬ್ಬರು ಕೆಲ್ವಿನ್ ಸ್ಯಾಂಪ್ಸನ್. ಓಕ್ಲಹೋಮಾದಲ್ಲಿದ್ದಾಗ, 2000ರಿಂದ 2004ರ ನಡುವೆ, ಅವರೂ ಅವರ ಸಹಾಯಕರೂ ಮಾಡಬಾರದಿದ್ದ 577 ಫೋನ್ ಕರೆಗಳನ್ನು ಮಾಡಿದ್ದರು. ಒಂದೊಂದನ್ನೇ ನೋಡಿದರೆ ಏನೂ ಅಲ್ಲ, ಕೂಡಿಸಿದರೆ ಅದೊಂದು ಪದ್ಧತಿ. 2006ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಹೋದ ಅವರಿಗೆ ಒಂದು ವರ್ಷ ಹುಡುಗರಿಗೆ ಫೋನ್ ಮಾಡಬಾರದೆಂಬ ನಿರ್ಬಂಧ ಬಿತ್ತು. ಆಗ ಹೊಳೆದ ಉಪಾಯವೇ ಕಾನ್ಫರೆನ್ಸ್ ಕಾಲ್. ಸಹಾಯಕ ಡಯಲ್ ಮಾಡುವುದು, ಕೋಚ್ ಸೇರಿಕೊಳ್ಳುವುದು. 2008ರ ಫೆಬ್ರವರಿಯಲ್ಲಿ ಏಳೂವರೆ ಲಕ್ಷ ಡಾಲರ್ ಪರಿಹಾರ ಪಡೆದು ಹೊರನಡೆದರು. ನವೆಂಬರ್‌ನಲ್ಲಿ ಐದು ವರ್ಷದ ಶೋ-ಕಾಸ್ ಬಂತು. ಅಲ್ಲೂ ತನಿಖೆಗೆ ಸುಳ್ಳು ಮಾಹಿತಿ ಕೊಟ್ಟ ಆರೋಪ ಸಾಬೀತಾಗಿತ್ತು.

ವಿಚಿತ್ರವೆಂದರೆ, 2012ರ ಜೂನ್ 15ರಿಂದ ಪುರುಷರ ಬ್ಯಾಸ್ಕೆಟ್‌ಬಾಲಿನಲ್ಲಿ ಹೈಸ್ಕೂಲಿನ ಎರಡನೆಯ ವರ್ಷ ಮುಗಿಸಿದ ಹುಡುಗರಿಗೆ ಎಷ್ಟು ಬೇಕಾದರೂ ಕರೆ ಮಾಡಬಹುದು, ಮೆಸೇಜ್ ಕಳಿಸಬಹುದು ಎಂದಾಯಿತು. ಸ್ಯಾಂಪ್ಸನ್ ಶಿಕ್ಷೆ ಮುಗಿಯುವ ಮೊದಲೇ, ಅವರನ್ನು ಕೆಡವಿದ ಕರೆಗಳ ಎಣಿಕೆಯೇ ಹೊರಟುಹೋಗಿತ್ತು! ಇಬ್ಬರೂ 2014ರಲ್ಲಿ ಮರಳಿದರು. ಪರ್ಲ್ 2019ರಲ್ಲಿ ಆಬರ್ನ್ ತಂಡವನ್ನು ಫೈನಲ್ ಫೋರ್‌ಗೆ ಒಯ್ದು 2025ರಲ್ಲಿ ನಿವೃತ್ತರಾದರು. ಸ್ಯಾಂಪ್ಸನ್ ಅವರ ಹ್ಯೂಸ್ಟನ್ 2025ರ ಫೈನಲ್‌ನಲ್ಲಿ ಫ್ಲಾರಿಡಾ ಎದುರು 65-63ರಿಂದ ಸೋತಿತು.

ಇದೇ ಎನ್‌ಸಿಎಎ ಚಿಲ್ಲರೆ ಎಣಿಸುತ್ತಿದ್ದಾಗ ನೋಟಿನ ಕಟ್ಟುಗಳು ಬೇರೆ ದಾರಿಯಲ್ಲಿ ಓಡಾಡುತ್ತಿದ್ದವು. 2017ರ ಸೆಪ್ಟೆಂಬರ್‌ನಲ್ಲಿ ಅದನ್ನು ಬಯಲಿಗೆ ತಂದದ್ದು ಎಫ್‌ಬಿಐ. ಹುಡುಗನೊಬ್ಬ ಲೂಯಿವಿಲ್ ಸೇರಲಿ ಎಂದು ಅವನ ಕುಟುಂಬಕ್ಕೆ ಒಂದು ಲಕ್ಷ ಡಾಲರ್ ಕೊಡುವ ಸಂಚಿನಲ್ಲಿ ಆಡಿಡಾಸ್‌ನ ಅಧಿಕಾರಿ ಜೇಮ್ಸ್ ಗ್ಯಾಟೊ ಮುಂದಿನ ವರ್ಷ ತಪ್ಪಿತಸ್ಥನೆಂದು ತೀರ್ಪಾಯಿತು. ಈಗಂತೂ ಚಿತ್ರವೇ ಬದಲಾಗಿದೆ. 2021ರ ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿ ಸಂಪಾದಿಸಬಹುದು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯಂತೆ ಕಾಲೇಜುಗಳೇ ವರ್ಷಕ್ಕೆ ಸುಮಾರು 2 ಕೋಟಿ 5 ಲಕ್ಷ ಡಾಲರ್‌ವರೆಗೆ ಆಟಗಾರರಿಗೆ ಹಂಚಬಹುದು. ಕ್ರೀಮ್ ಚೀಸ್ ಪಾಪ, ಎಲ್ಲಿ ಹೋಯಿತೋ.

ಈಗ ಕಲ್ಲಾಂಗಿಗೆ ಬರೋಣ. ಇಲ್ಲಿ ಮಕ್ಕಳನ್ನು ಆಟದ ಮೇಲೆ ಆರಿಸಿಕೊಳ್ಳುವುದು ಹದಿನೆಂಟಕ್ಕಲ್ಲ, ಹನ್ನೆರಡಕ್ಕೆ. ಅದೇ 2004ರಲ್ಲಿ ಬಂದ ಡಿಎಸ್‌ಎ, ನೇರ ಶಾಲಾ ಪ್ರವೇಶ. 2018ರಿಂದ ಸೆಕೆಂಡರಿ ಶಾಲೆಗಳು ಐಪಿ ಬಿಟ್ಟು ಉಳಿದ ಸೀಟುಗಳಲ್ಲಿ ಶೇಕಡಾ 20ರವರೆಗೆ ಹೀಗೆ ತುಂಬಬಹುದು. ಅರ್ಜಿಗೆ ಶುಲ್ಕವಿಲ್ಲ, ಮೂರು ಆಯ್ಕೆ. ಸೀಟು ಖಚಿತವಾದ ಮೇಲೆ ಮಗು ಪಿಎಸ್ಎಲ್ಇ ಅಂಕದ ಆಧಾರದ ಸಾಮಾನ್ಯ ಪ್ರವೇಶಕ್ಕೆ ಹೋಗುವಂತಿಲ್ಲ, ಅಂಕ ಎಷ್ಟೇ ಚೆನ್ನಾಗಿ ಬಂದರೂ ಬೇರೆ ಶಾಲೆಗೆ ವರ್ಗವಾಗುವಂತಿಲ್ಲ. ಊರಿನಲ್ಲಿ ಮೂಡುಬಿದಿರೆಯ ಆಳ್ವಾಸ್‌ನಂಥ ಸಂಸ್ಥೆ ಕ್ರೀಡಾಪಟುಗಳನ್ನು ದತ್ತು ತೆಗೆದುಕೊಂಡು ಉಚಿತ ಶಿಕ್ಷಣ, ಊಟ, ವಸತಿ ಕೊಡುವುದನ್ನು ಕಂಡಿರುವ ನಮಗೆ, ಆಟಕ್ಕಾಗಿ ಶಾಲೆ ಮಗುವನ್ನು ಕರೆದುಕೊಳ್ಳುವುದರಲ್ಲಿ ತಪ್ಪೇನೂ ಕಾಣುವುದಿಲ್ಲ. ಅದು ಒಳ್ಳೆಯದೇ.

ಆದರೆ ಎರಡು ಕಡೆಯ ನಿಯಮಗಳ ಮುಖ ನೋಡಿ. ಅಮೆರಿಕದ ಸಣ್ಣ ನಿಯಮಗಳಲ್ಲಿ ಬಹುಪಾಲು ಕಟ್ಟಿಹಾಕುವುದು ಕೋಚನ್ನು: ನೀನು ಎಷ್ಟು ಹೊತ್ತಿಗೆ, ಎಷ್ಟು ಸಲ, ಎಲ್ಲಿ ಆ ಹುಡುಗನ ಬಳಿ ಹೋದೆ, ಬರೆದಿಡು. ಹುಡುಗನನ್ನು ಕಟ್ಟಿಹಾಕುತ್ತಿದ್ದ ‘ಲೆಟರ್ ಆಫ್ ಇಂಟೆಂಟ್’ ಪದ್ಧತಿಯನ್ನು 2024ರ ಅಕ್ಟೋಬರ್‌ನಲ್ಲಿ ಕೈಬಿಟ್ಟರು. ಇಲ್ಲಿ ಪಾಲಕರ ಕೈಗೆ ಬರುವ ನಿಯಮಗಳು ಕಟ್ಟಿಹಾಕುವುದು ಮಗುವನ್ನು. ಹನ್ನೆರಡರ ಮಗುವಿಗೆ ಆರು ತಿಂಗಳಲ್ಲಿ ಮಂಡಿ ನೋವಾಗಬಹುದು, ಆಟದ ಮೇಲಿನ ಆಸೆಯೇ ಆರಬಹುದು, ಶಾಲೆ ಮಾತ್ರ ಅದೇ. ಸ್ಪೋರ್ಟ್ಸ್ ಸ್ಕೂಲ್ ಕಲ್ಲಾಂಗಿಗೆ ಬರುವ ಹೊತ್ತಿಗೆ, ಮಕ್ಕಳ ಜೊತೆ ಕೋಚ್‌ಗಳ ಸಂಪರ್ಕವನ್ನೂ ಬರೆದಿಡುವ, ಪಾಲಕರು ಓದಬಹುದಾದ ಒಂದು ಸರಳ ನಿಯಮಾವಳಿ ಬಂದರೆ ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ. ಬೇಗಲ್ ಎಣಿಸುವುದು ಬೇಡ, ಕರೆ ಎಣಿಸಿದರೆ ಸಾಕು.

ಅಷ್ಟರವರೆಗೆ ನಾವು ಮಾಡಬಹುದಾದದ್ದೂ ಇದೆ. ಕೋಚ್ ಬೆನ್ನು ತಟ್ಟಿ ‘ನಿಮ್ಮ ಹುಡುಗ ನಮಗೆ ಬೇಕು’ ಎಂದರೆ ಅದು ಸೀಟಲ್ಲ. ಸಚಿವಾಲಯದ ಪೋರ್ಟಲ್‌ನಲ್ಲಿ ಬಂದದ್ದೇ ಸೀಟು. ಗಾಯವಾದರೆ ಏನು, ತಂಡದಿಂದ ಬಿಟ್ಟರೆ ಏನು ಎಂದು ಇಮೇಲ್‌ನಲ್ಲೇ ಕೇಳಿ.

ಅಮೆರಿಕಕ್ಕೆ ಹೊರಟವರಿಗೆ ಒಂದು ಮಾತು ಹೆಚ್ಚು. ಅಲ್ಲಿ ಈಗ ಹರಿಯುತ್ತಿರುವ ಹಣ ನಮ್ಮ ಮಕ್ಕಳಿಗೂ ಸಿಕ್ಕೀತೆಂದು ಯಾರಾದರೂ ಏಜೆಂಟ್ ಹೇಳಿದರೆ ವೀಸಾ ನೆನಪಿಡಿ. ಎಫ್-1 ವೀಸಾದಲ್ಲಿರುವ ವಿದ್ಯಾರ್ಥಿ ಕ್ಯಾಂಪಸ್ಸಿನ ಹೊರಗೆ ಬೇಕಾದ ಹಾಗೆ ದುಡಿಯುವಂತಿಲ್ಲ. ಕಾಂಗೋ ದೇಶದಿಂದ ಬಂದು ಕೆಂಟಕಿಗೆ ಆಡುತ್ತಿದ್ದ ಆಸ್ಕರ್ ಚೀಬ್ವೆಯಂಥ ತಾರೆಯೇ 2022ರಲ್ಲಿ ತಂಡ ಬಹಾಮಾಸ್‌ಗೆ ಹೋದಾಗ ಆ ನೆಲದಲ್ಲಿ ನಿಂತು ಜಾಹೀರಾತು ಕೆಲಸ ಮುಗಿಸಬೇಕಾಯಿತು. ಎನ್‌ಸಿಎಎ ನಿಯಮ ತಪ್ಪಿದರೆ ಒಂದು ಎಚ್ಚರಿಕೆ ಪತ್ರ ಬರಬಹುದು. ವೀಸಾ ನಿಯಮಕ್ಕೆ ಮೂರನೆಯ ಹಂತ ಎಂಬುದಿಲ್ಲ. ಆದ್ದರಿಂದ ಸಹಿ ಹಾಕುವ ಮೊದಲು ಆ ಕಾಗದವನ್ನು ಕಾಲೇಜಿನ ವಿದೇಶಿ ವಿದ್ಯಾರ್ಥಿಗಳ ಕಚೇರಿಗೆ ಕಳಿಸಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ.