ಗೊತ್ತಿದ್ದೂ ಸುಮ್ಮನಿರಬೇಡಿ

ಆರನೆಯ ತರಗತಿ ಪಾಸಾದ ನಿಮ್ಮ ಮಗಳಿಗೆ ಏಳನೆಯದರ ಹೊಸ ಪುಸ್ತಕ ಬರುತ್ತದೆ, ನೀವೇ ಕೂತು ಬೈಂಡು ಹಾಕಿಕೊಡುತ್ತೀರಿ. ಆಫ್ಘಾನಿಸ್ತಾನದ ಹುಡುಗಿಗೆ ಮಾತ್ರ ಆರನೆಯದೇ ಕೊನೆ, ಎಷ್ಟು ಚೆನ್ನಾಗಿ ಓದಿದರೂ ಅಲ್ಲಿಂದಾಚೆ ಮನೆಯೇ ಗತಿ. ಇದು ನಿಮಗೆ ಗೊತ್ತಿಲ್ಲದ್ದಲ್ಲ. 2021ರ ಆಗಸ್ಟ್ 15ರಂದು, ನಾವಿಲ್ಲಿ ಬಾವುಟ ಹಾರಿಸಿ ಸಿಹಿ ಹಂಚಿದ ದಿನವೇ, ಕಾಬೂಲ್ ತಾಲಿಬಾನಿನ ಕೈವಶವಾದದ್ದನ್ನು ಟಿವಿಯಲ್ಲಿ ನೋಡಿದಿರಿ, ಮರುಗಿದಿರಿ, ಆಮೇಲೆ ನಿಮ್ಮ ನಿಮ್ಮ ಕೆಲಸಕ್ಕೆ ಹೋದಿರಿ.

2022ರ ಮಾರ್ಚ್ 23ರಂದು ಹೈಸ್ಕೂಲು ತೆರೆಯುತ್ತದೆಂಬ ಮಾತು ನಂಬಿ, ಕಪ್ಪು ನಿಲುವಂಗಿ ತೊಟ್ಟು, ಬಿಳಿ ವಸ್ತ್ರ ತಲೆಗೆ ಹೊದ್ದು, ತಿಂಗಳುಗಟ್ಟಲೆ ಮೂಲೆಯಲ್ಲಿದ್ದ ಚೀಲವನ್ನು ಹೆಗಲಿಗೇರಿಸಿ ಬಂದ ಮಕ್ಕಳನ್ನು, ಬೆಂಚು ಬೆಚ್ಚಗಾಗುವ ಮೊದಲೇ ವಾಪಸು ಕಳಿಸಿದರು. ಅಳುತ್ತ ಹೋದರು ಆ ಮಕ್ಕಳು. ಅದೇ ವರ್ಷದ ಡಿಸೆಂಬರಿನಲ್ಲಿ ವಿಶ್ವವಿದ್ಯಾಲಯದ ಬಾಗಿಲೂ ಮುಚ್ಚಿತು. 2024ರ ಡಿಸೆಂಬರಿನಲ್ಲಿ ನರ್ಸಿಂಗ್ ಮತ್ತು ಸೂಲಗಿತ್ತಿಯರ ತರಬೇತಿಗೂ ಬೀಗ ಬಿತ್ತು. ಹೆಂಗಸರು ಗಂಡು ವೈದ್ಯರ ಮುಂದೆ ಕೂರುವುದೇ ಕಷ್ಟವಾದ ನಾಡಿನಲ್ಲಿ, ಯಾವುದೋ ಬೆಟ್ಟದ ಹಳ್ಳಿಯಲ್ಲಿ ನಡುರಾತ್ರಿ ನೋವು ತಿನ್ನುವ ಬಸುರಿಯ ಬಳಿಗೆ ನಾಳೆ ಯಾರು ಬರಬೇಕು? ಇಂದು ತರಗತಿಯಿಂದ ಎಬ್ಬಿಸಿ ಕಳಿಸಿದವಳೇ ಅಲ್ಲವೇ ಬರಬೇಕಾಗಿದ್ದವಳು? ಇದೂ ನಿಮಗೆ ಗೊತ್ತಿಲ್ಲದ್ದಲ್ಲ.

‘ಅವರ ದೇಶ, ಅವರ ಧರ್ಮ, ನಾವೇನು ಮಾಡೋಕಾಗುತ್ತೆ’ ಅನ್ನುತ್ತೀರಿ. ಹೆಣ್ಣುಮಕ್ಕಳಿಗೆ ಹೈಸ್ಕೂಲನ್ನೇ ನಿಷೇಧಿಸಿದ ದೇಶ ಇಂದು ಜಗತ್ತಿನಲ್ಲಿ ಅದೊಂದೇ. ಬೇರೆ ಯಾವ ಮುಸ್ಲಿಂ ದೇಶದಲ್ಲೂ ಈ ಕಟ್ಟಳೆಯಿಲ್ಲ. ಯುನೆಸ್ಕೋ 2025ರಲ್ಲಿ ಕೊಟ್ಟ ಲೆಕ್ಕದಂತೆ ಹೀಗೆ ಹೊರಗುಳಿದವರು ಸುಮಾರು 22 ಲಕ್ಷ. ಅವರು ಬೀದಿಗಿಳಿದು ಕೂಗಿದರೆ ಜೈಲು, ಮನೆಯಲ್ಲೇ ಅತ್ತರೆ ಯಾರಿಗೂ ಕೇಳಿಸದು. ಕೂಗಿದರೂ ಏನೂ ಕಳೆದುಕೊಳ್ಳದವರು ನೀವು, ನಾನು.

ಕೂಗಿದರೆ ಆಗುವುದೇನು ಎನ್ನಬೇಡಿ. 2025ರ ಅಕ್ಟೋಬರ್ 10ರಂದು ದೆಹಲಿಗೆ ಬಂದಿದ್ದ ತಾಲಿಬಾನ್ ವಿದೇಶಾಂಗ ಮಂತ್ರಿಯ ಪತ್ರಿಕಾಗೋಷ್ಠಿಯಲ್ಲಿ ಒಬ್ಬ ಪತ್ರಕರ್ತೆಯೂ ಇರಲಿಲ್ಲ. ದೇಶ ಸಿಡಿದೆದ್ದಿತು, ಎರಡೇ ದಿನಕ್ಕೆ ಇನ್ನೊಂದು ಗೋಷ್ಠಿ ನಡೆಯಿತು, ಹೆಣ್ಣುಮಕ್ಕಳು ಮುಂದಿನ ಸಾಲಿನಲ್ಲೇ ಕೂತು ಪ್ರಶ್ನೆ ಕೇಳಿದರು. ನಮ್ಮ ನೆಲದಲ್ಲಿ ನಮ್ಮವರಿಗಾಗಿ ಏರಿದ ಆ ದನಿ, ಕಾಬೂಲಿನ ಹುಡುಗಿಯ ಮಟ್ಟಿಗೆ ಯಾಕೆ ಗಂಟಲಲ್ಲೇ ಉಳಿಯುತ್ತದೆ?

ಆದ್ದರಿಂದ ಕೈಮುಗಿದು ಕೇಳುತ್ತೇನೆ. ಕಾಬೂಲಿನ ಜೊತೆ ಕೈಕುಲುಕುವಾಗಲೆಲ್ಲ ಆ ಮಕ್ಕಳ ಶಾಲೆಯ ಮಾತೆತ್ತಿ ಎಂದು ನಿಮ್ಮ ಸಂಸದರಿಗೆ ಬರೆಯಿರಿ. ಆಫ್ಘನ್ ವಿದ್ಯಾರ್ಥಿಗಳು ಓದಿಹೋದ ಮೈಸೂರು, ಬೆಂಗಳೂರಿನ ವಿದ್ಯಾಸಂಸ್ಥೆಗಳನ್ನು ಕೇಳಿ: ದೇಶ ದಾಟಿ ಬರಲಾಗದ ಹುಡುಗಿಗೆ ಆನ್‌ಲೈನಿನಲ್ಲಾದರೂ ಒಂದು ಸೀಟು ಕೊಡಿ ಎಂದು. ನೀವು ಕೆಟ್ಟವರಲ್ಲ, ಕಲ್ಲುಮನಸ್ಸಿನವರೂ ಅಲ್ಲ. ಗೊತ್ತಿದ್ದೂ ಸುಮ್ಮನಿದ್ದೀರಿ, ಅಷ್ಟೆ. ಇನ್ನು ಸುಮ್ಮನಿರಬೇಡಿ.