ಕುಂಞಾಲಿಯ ಕಥೆಯಲ್ಲಿ ನಾವು ಬಿಟ್ಟುಬಿಡುವ ಭಾಗ

ಶಾಲೆಯ ಭಾಷಣಕ್ಕೆ ತಯಾರಾಗುತ್ತಿದ್ದ ಮಗ ಮೊನ್ನೆ ಕೇಳಿದ, "ಉಪ್ಪಾ, ಕುಂಞಾಲಿ ಮರಕ್ಕಾರರನ್ನು ಕೊಂದದ್ದು ಯಾರು?" "ಪೋರ್ಚುಗೀಸರು" ಅಂದೆ. ಅವನು ಬರೆದುಕೊಂಡ. ನನಗೆ ಮಾತ್ರ ಸಮಾಧಾನವಾಗಲಿಲ್ಲ. ಹೇಳಿದ್ದು ಸುಳ್ಳಲ್ಲ, ಆದರೆ ಅರ್ಧ.

ಪೂರ್ತಿ ಹೇಳಬೇಕಾದರೆ ಎರಡು ಯುದ್ಧಗಳ ಕಥೆ ಹೇಳಬೇಕು. ಮೊದಲನೆಯದು 1571ರ ಚಾಲಿಯಂ. ಕಲ್ಲಿಕೋಟೆಯ ದಕ್ಷಿಣಕ್ಕೆ, ಬೇಪೂರು ಹೊಳೆಯ ಆಚೆ ದಡದಲ್ಲಿ ಪೋರ್ಚುಗೀಸರು 1531ರಲ್ಲಿ ಕೋಟೆ ಕಟ್ಟಿದ್ದರು. ಅದನ್ನು ಸಾಮೂದಿರಿಯ ನಾಯರ್ ಪಡೆ ಮತ್ತು ಮರಕ್ಕಾರರ ಪಡೆ ಸೇರಿ ಮುತ್ತಿದವು. ಒಳಗೆ ಆಹಾರ ತೀರಿತು, ಕೋಟೆ ಶರಣಾಯಿತು. ಅದೇ ಹೊತ್ತಿಗೆ ಬಿಜಾಪುರದ ಅಲಿ ಆದಿಲ್ ಶಾಹ್ ಗೋವಾವನ್ನೂ ಅಹ್ಮದ್‌ನಗರದ ನಿಜಾಮ್ ಶಾಹ್ ಚೌಲನ್ನೂ ಮುತ್ತಿದ್ದರು. ಆ ಎರಡೂ ಬೀಳಲಿಲ್ಲ. ಬಿದ್ದದ್ದು ಚಾಲಿಯಂ ಒಂದೇ.

ಎರಡನೆಯದು ಕೋಟ್ಟಕ್ಕಲ್. ವಡಕರದ ಹತ್ತಿರ ಹೊಳೆಬಾಯಿಯಲ್ಲಿದ್ದ ಮರಕ್ಕಾರರ ಆ ಕೋಟೆಯೂ ಸಾಮೂದಿರಿಯ ಅನುಮತಿಯಿಂದಲೇ ಎದ್ದದ್ದು. ಆದರೆ ನಾಲ್ಕನೆಯ ಕುಂಞಾಲಿ ತಾನೇ ಅರಸನೆಂಬಂತೆ ಬಿರುದು ಧರಿಸಿದರು. ಸಾಮೂದಿರಿ ಸಿಟ್ಟಾಗಿ, ನೂರು ವರ್ಷದ ಶತ್ರುವಿನ ಜೊತೆಗೇ ಒಪ್ಪಂದ ಮಾಡಿಕೊಂಡರು. 1599ರ ಪೋರ್ಚುಗೀಸ್ ದಾಳಿಯನ್ನು ಕುಂಞಾಲಿ ಹಿಮ್ಮೆಟ್ಟಿಸಿದರು. 1600ರಲ್ಲಿ ನೆಲದಿಂದ ಸಾಮೂದಿರಿ, ಕಡಲಿನಿಂದ ಪೋರ್ಚುಗೀಸರು ಬಂದಾಗ ತಡೆಯಲಾಗಲಿಲ್ಲ. ಜೀವ ಉಳಿಸುವ ಮಾತು ನಂಬಿ ಕುಂಞಾಲಿ ಸಾಮೂದಿರಿಗೇ ಶರಣಾದರು. ಪೋರ್ಚುಗೀಸರು ಅವರನ್ನು ಅಲ್ಲೇ ಹಿಡಿದು ಗೋವಾಕ್ಕೆ ಒಯ್ದು ಕೊಂದರು.

ಈಗ ವಾಟ್ಸಾಪಿನಲ್ಲಿ ಬರುವ ವಿಡಿಯೋಗಳಲ್ಲಿ ಕುಂಞಾಲಿ ಒಂದು ಕಡೆಯವರಿಗೆ ಬರೀ 'ನಮ್ಮ ವೀರ', ಇನ್ನೊಂದು ಕಡೆಯವರಿಗೆ ಬರೀ ದ್ರೋಹಿ. ನಾವೂ ನಮಗೆ ಬೇಕಾದ್ದನ್ನು ಫಾರ್ವರ್ಡ್ ಮಾಡುತ್ತೇವೆ. ಎರಡರಲ್ಲೂ ಚಾಲಿಯಂ ಇರುವುದಿಲ್ಲ. ಚಾಲಿಯಂ ಹೇಳಿದರೆ ಮುಸ್ಲಿಂ ನಾವಿಕನೂ ಹಿಂದೂ ಅರಸನೂ ಒಂದೇ ಕಡೆ ನಿಂತದ್ದನ್ನು ಹೇಳಬೇಕಾಗುತ್ತದೆ. ಪೊನ್ನಾನಿಯ ಶೈಖ್ ಝೈನುದ್ದೀನ್ ಮಖ್ದೂಮರು ಪೋರ್ಚುಗೀಸರ ವಿರುದ್ಧ ಅರಬಿಯಲ್ಲಿ ಬರೆದ 'ತುಹ್ಫತುಲ್ ಮುಜಾಹಿದೀನ್'ನಲ್ಲೇ ಸಾಮೂದಿರಿಯನ್ನು ಹೊಗಳಿದ್ದಾರೆ. ಅವರಿಗೆ ಇಲ್ಲದ ಸಂಕೋಚ ನಮಗೇಕೆ?

ಬ್ಯಾರಿ ಎಂಬ ಹೆಸರೇ 'ಬ್ಯಾರ' ಅಂದರೆ ವ್ಯಾಪಾರದಿಂದ ಬಂದದ್ದು ಎನ್ನುತ್ತಾರೆ. ವ್ಯಾಪಾರ ಮಾಡುವವನಿಗೆ ಗೊತ್ತು, ನೆರೆಯವನ ನಂಬಿಕೆ ಹೋದರೆ ಅಂಗಡಿ ಎಷ್ಟು ದೊಡ್ಡದಿದ್ದರೂ ಉಳಿಯುವುದಿಲ್ಲ. ಕೋಟ್ಟಕ್ಕಲ್ ಕೋಟೆಯೂ ಉಳಿಯಲಿಲ್ಲ, ನೆಲಸಮವಾಯಿತು.

ರಾತ್ರಿ ಊಟಕ್ಕೆ ಕೂತಾಗ ಮಗನಿಗೆ ಇಷ್ಟೂ ಹೇಳಿದೆ. "ಹಾಗಾದರೆ ತಪ್ಪು ಯಾರದ್ದು ಉಪ್ಪಾ?" ಅಂದ. "ಇಬ್ಬರದ್ದೂ. ಲಾಭ ಮಾತ್ರ ಮೂರನೆಯವನದ್ದು" ಅಂದೆ.

ಅವನು ಭಾಷಣಕ್ಕೆ ಇನ್ನೊಂದು ಪುಟ ಸೇರಿಸಿದ.